ಗಾಳಿ ತಿಳಿಯಾಯಿತು, ಬಾವಿ ಕೆಟ್ಟಿತು

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ಚಾರ್ನಾಕ್ ಬಾವಿಗಳನ್ನು ಮುಚ್ಚಬೇಕಾಯಿತು. ಊರಿನ ಕುಡಿಯುವ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಂದಲೇ ಬರುತ್ತಿತ್ತು. ಸುತ್ತಮುತ್ತಲ ಪೆಟ್ರೋಲ್ ಬಂಕುಗಳ ನೆಲದಡಿಯ ಟ್ಯಾಂಕು, ಪೈಪುಗಳಿಂದ ಸೋರಿದ ಎಂಟಿಬಿಇ ಎಂಬ ರಾಸಾಯನಿಕ ಅಂತರ್ಜಲ ಸೇರಿತ್ತು. ಒಂದು ಬಾವಿಯಲ್ಲಂತೂ ಲೀಟರಿಗೆ 600 ಮೈಕ್ರೋಗ್ರಾಂ ದಾಟಿತ್ತು. ಟರ್ಪೆಂಟೈನ್‌ನಂಥ ವಾಸನೆ ಬರುತ್ತದೆಂದು ಆ ರಾಜ್ಯ ಮುಂದೆ ನಿಗದಿಪಡಿಸಿದ ಮಿತಿ ಬರೀ 5.

ಈ ರಾಸಾಯನಿಕವನ್ನು ಪೆಟ್ರೋಲಿಗೆ ಬೆರೆಸಿದ್ದು ಒಳ್ಳೆಯ ಉದ್ದೇಶದಿಂದಲೇ. ಮೊದಲು ಸೀಸದ ಬದಲಿಗೆ ಬಂತು. ವಾಹನದ ಹೊಗೆ ತಗ್ಗಿಸಲು ಹೊರಟ 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿಗಳ ನಂತರ ಬಳಕೆ ವಿಪರೀತ ಏರಿತು. ನೆಲದಡಿ ಸೋರಿದರೆ ಏನಾದೀತು ಎಂಬ ಪ್ರಶ್ನೆಗೆ ಸಿಗಬೇಕಾದ ತೂಕ ಸಿಗಲಿಲ್ಲ.

ಶುದ್ಧೀಕರಣದ ವಿಧಾನಗಳನ್ನು ಒರೆಗೆ ಹಚ್ಚಬೇಕಾದದ್ದು ಇಲ್ಲಿಯೇ. ಪೆಟ್ರೋಲಿನದೇ ಇನ್ನೊಂದು ವಿಷವಾದ ಬೆಂಜೀನ್ ನೀರನ್ನು ಸುಲಭವಾಗಿ ಬಿಟ್ಟುಹೋಗುತ್ತದೆ; ಗೋಪುರದಲ್ಲಿ ನೀರು ಸುರಿಸಿ ಕೆಳಗಿನಿಂದ ಗಾಳಿ ಊದಿದರೆ ಹಾರಿಹೋಗುತ್ತದೆ. ಎಂಟಿಬಿಇ ಹಾಗಲ್ಲ. ನೀರಿನಲ್ಲಿ ಚೆನ್ನಾಗಿ ಕರಗಿ, ನೀರು ಹರಿದತ್ತ ತಾನೂ ಹರಿಯುತ್ತದೆ. ಅದನ್ನು ಹಾರಿಸಲು ಎಷ್ಟೋ ಪಟ್ಟು ಹೆಚ್ಚು ಗಾಳಿ ಬೇಕು, ಹಾರಿದ ಮೇಲೆ ಆ ಗಾಳಿಯನ್ನೂ ಶುದ್ಧ ಮಾಡಬೇಕು! ಓಝೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ಅಣು ಒಡೆಯುತ್ತದೆ ನಿಜ, ಆದರೆ ನೀರಿನಲ್ಲಿ ಬ್ರೋಮೈಡ್ ಇದ್ದರೆ ಬ್ರೋಮೇಟ್ ಎಂಬ ಹೊಸ ತಲೆನೋವು ಹುಟ್ಟುತ್ತದೆ. ಎಂಟಿಬಿಇಯನ್ನೇ ತಿಂದು ಬದುಕುವ ಪಿಎಂ1 ಎಂಬ ಬ್ಯಾಕ್ಟೀರಿಯಾ ಕ್ಯಾಲಿಫೋರ್ನಿಯಾದಲ್ಲೇ ಸಿಕ್ಕಿತು. ಅದರ ಬೆಳವಣಿಗೆ ಮಾತ್ರ ಬಲು ನಿಧಾನ.

ಉಳಿದದ್ದು ಸಕ್ರಿಯ ಇದ್ದಲು. ತೆಂಗಿನ ಚಿಪ್ಪಿನಿಂದ ಮಾಡಿದ ಇದ್ದಲು ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ಆದರೂ ಬೆಂಜೀನಿನಷ್ಟು ಬಿಗಿಯಾಗಿ ಎಂಟಿಬಿಇ ಅಂಟುವುದಿಲ್ಲವಾದ್ದರಿಂದ ಇದ್ದಲನ್ನು ಬೇಗಬೇಗ ಬದಲಿಸಬೇಕು. ಎಂಟಿಬಿಇ ಒಡೆದಾಗ ಹುಟ್ಟುವ ಟಿಬಿಎ ಎಂಬ ಆಲ್ಕೋಹಾಲ್ ಅದರಿಂದಲೂ ನುಣುಚಿಕೊಳ್ಳುತ್ತದೆ. ಇರುವುದರಲ್ಲಿ ನೆಚ್ಚಬಹುದಾದ ದಾರಿ ಇದೇ, ಅಗ್ಗದ್ದಂತೂ ಅಲ್ಲ.

ಸಾಂಟಾ ಮೋನಿಕಾ ಕೊನೆಗೆ ಇದ್ದಲಿನ ದಾರಿಯನ್ನೇ ಹಿಡಿಯಿತು. ತೈಲ ಕಂಪನಿಗಳ ಮೇಲೆ ದಾವೆ ಹೂಡಿ, ರಾಜಿಯಲ್ಲಿ ಹಣ ಪಡೆದು ಘಟಕ ಕಟ್ಟಿತು. ಚಾರ್ನಾಕ್ ನೀರು ಮತ್ತೆ ನಲ್ಲಿಗಳಿಗೆ ಬರುವ ಹೊತ್ತಿಗೆ 2010 ಮುಗಿಯುತ್ತಿತ್ತು. ಅಲ್ಲಿಯವರೆಗೆ ದೂರದಿಂದ ತರಿಸಿದ ನೀರನ್ನು ಕೊಂಡು ಕುಡಿಯಬೇಕಾಯಿತು. ತಂತ್ರಜ್ಞಾನ ಗೆದ್ದಿತು ಎನ್ನುವವರು ಈ ಹದಿನಾಲ್ಕು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕೆ ಹೋಲಿಸಿದರೆ ನಿಷೇಧದ ಕೆಲಸ ಬೇಗ ಮುಗಿಯಿತು. 1998ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವರದಿ ಬಂತು, ಮರುವರ್ಷ ಗವರ್ನರ್ ಗ್ರೇ ಡೇವಿಸ್ ಆದೇಶ ಹೊರಡಿಸಿದರು. ಒಮ್ಮೆ ಗಡುವು ಮುಂದೆ ಹೋದರೂ 2003ರ ಕೊನೆಗೆ ರಾಜ್ಯದ ಪೆಟ್ರೋಲಿನಿಂದ ಎಂಟಿಬಿಇ ಹೊರಬಿತ್ತು. ಅದರ ಜಾಗಕ್ಕೆ ಎಥನಾಲ್ ಬಂತು. ಚಾರ್ನಾಕ್ ಬಾವಿಗಳು ಇನ್ನೂ ಏಳು ವರ್ಷ ಮುಚ್ಚಿಯೇ ಇದ್ದವು.