ಶಿಲೆಗಳ ಕಾಲನಿರ್ಣಯದಲ್ಲಿ ಕಲ್ಲುಹೂವಿನ ಸಾಕ್ಷ್ಯ: ಒಂದು ವಿಮರ್ಶೆ

ಪಶ್ಚಿಮಘಟ್ಟದ ಬುಡದಲ್ಲಿರುವ ನಾರಾವಿಯ ಸುತ್ತಮುತ್ತ ಸಂಚರಿಸುವವರಿಗೆ, ಬಯಲಿನ ಕಲ್ಲುಗಳ ಮೇಲೆ ಬೂದಿ, ಬಿಳಿ, ತಿಳಿಹಸುರು ಬಣ್ಣದ ಚಕ್ಕೆಗಳು ಅಂಟಿಕೊಂಡಿರುವುದು ಕಾಣದೆ ಇರದು. ಇವು ಕಲ್ಲುಹೂಗಳು, ಸಸ್ಯಶಾಸ್ತ್ರಜ್ಞರು ಲೈಕೆನ್ ಎಂದು ಕರೆಯುವ ವರ್ಗಕ್ಕೆ ಸೇರಿದವು. ನಮ್ಮ ಅಡುಗೆಮನೆಯ ಮಸಾಲೆಗೆ ಬೀಳುವ ಕಲ್ಲುಹೂ ಇವುಗಳ ಬಂಧುವೇ ಆಗಿದೆ. ಇತಿಹಾಸದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಿಂದ ತರುವ ಟಿಪ್ಪಣಿಗಳಲ್ಲಿ ಕಲ್ಲುಹೂವನ್ನೂ ಹಾವಸೆಯನ್ನೂ ಒಂದಾಗಿಯೇ ಎಣಿಸಿ, ಅವು ದಟ್ಟವಾಗಿ ಕವಿದ ಶಿಲೆಯನ್ನು ‘ಅತಿ ಪ್ರಾಚೀನ’ವೆಂದು ಬರೆಯುವ ರೂಢಿಯುಂಟು. ಈ ಅನುಮಾನಕ್ಕೆ ಆಧಾರವೆಷ್ಟು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ತಪ್ಪನ್ನು ನಾನೂ ಮಾಡಿದವನೇ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ನಾರಾವಿಯ ಕಡೆಗೆ ಹೋಗಿದ್ದಾಗ, ತೋಟದ ಅಂಚಿನಲ್ಲಿ ನೆಟ್ಟಿದ್ದ ಕಲ್ಲೊಂದರ ಮೇಲೆ ಅಂಗೈಯಗಲದ ಕಲ್ಲುಹೂಗಳನ್ನು ಕಂಡು, ಇದು ನಾಲ್ಕೈದು ಶತಮಾನಗಳ ಹಿಂದಿನ ಗಡಿಗಲ್ಲಾಗಿರಬೇಕೆಂದು ವಿವರಿಸಿದೆನು. ತೋಟದ ಯಜಮಾನರು ಸಂಕೋಚದಿಂದಲೇ, “ಅದು ನಮ್ಮ ತಂದೆಯವರು ಗುಡ್ಡದಿಂದ ತರಿಸಿ ನೆಡಿಸಿದ್ದು, ಮಾಷ್ಟ್ರೇ. ತರುವಾಗಲೇ ಅದರ ಮೇಲೆ ಹೂ ಇತ್ತು” ಎಂದರು. ವಿದ್ಯಾರ್ಥಿಗಳು ಅಂದು ನಕ್ಕುದು ನ್ಯಾಯವೇ ಸರಿ.

ಆದರೂ ಕಲ್ಲುಹೂವಿನಿಂದ ಕಾಲವನ್ನು ಅಳೆಯುವ ಶಾಸ್ತ್ರವೊಂದು ಇರುವುದು ನಿಜ. ಅದನ್ನು ರೂಪಿಸಿದವನು ಆಸ್ಟ್ರಿಯ ದೇಶದ ರೋಲಂಡ್ ಬೆಷೆಲ್. ಅವನ ಪ್ರಸಿದ್ಧ ಲೇಖನ ಪ್ರಕಟವಾದುದು 1950ರಲ್ಲಿ. ವಿಧಾನವು ಸರಳವಾದುದು. ಕಾಲ ಗೊತ್ತಿರುವ ಶಿಲೆಗಳ ಮೇಲೆ, ಉದಾಹರಣೆಗೆ ಮರಣದ ವರ್ಷವನ್ನು ಕೆತ್ತಿದ ಸಮಾಧಿಕಲ್ಲುಗಳ ಮೇಲೆ, ಬೆಳೆದಿರುವ ಅತಿ ದೊಡ್ಡ ಕಲ್ಲುಹೂವಿನ ಅಡ್ಡಳತೆಯನ್ನು ಅಳೆಯುವುದು. ಅದರಿಂದ ಬೆಳವಣಿಗೆಯ ಪ್ರಮಾಣವನ್ನು ಕಂಡುಕೊಳ್ಳುವುದು. ಬಳಿಕ ಆ ಪ್ರಮಾಣವನ್ನು, ಹಿಮನದಿಗಳು ಹಿಂಜರಿಯುವಾಗ ಬಿಟ್ಟುಹೋದ ಕಲ್ಲುರಾಶಿಗಳಿಗೆ ಅನ್ವಯಿಸುವುದು. ಇದಕ್ಕೆ ಹೆಚ್ಚಾಗಿ ಬಳಕೆಯಾದುದು ರೈಜೋಕಾರ್ಪನ್ ಜಿಯೋಗ್ರಾಫಿಕಂ ಎಂಬ ಜಾತಿ. ಹಳದಿಮಿಶ್ರಿತ ಹಸುರು ಚಕ್ಕೆಗಳ ನಡುವೆ ಕಪ್ಪು ಗೆರೆಗಳಿದ್ದು ಭೂಪಟದಂತೆ ತೋರುವುದರಿಂದ ಅದಕ್ಕೆ ಈ ಹೆಸರು. ಉತ್ತರಧ್ರುವದ ಆಸುಪಾಸಿನಲ್ಲಿಯೂ ಎತ್ತರದ ಪರ್ವತಗಳಲ್ಲಿಯೂ, ಮರವೇ ಬೆಳೆಯದ ಕಾರಣ ಮರದ ಉಂಗುರಗಳನ್ನು ಎಣಿಸಲು ಸಾಧ್ಯವಿಲ್ಲದೆಡೆ, ಈ ವಿಧಾನವು ವಿದ್ವಾಂಸರಿಗೆ ವರದಂತೆ ಒದಗಿತು.

ಅಲ್ಲಿ ಇದು ಸಾಧ್ಯವಾದುದೇಕೆ? ಕಲ್ಲುಹೂ ಒಂದೇ ಜೀವಿಯಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಹಬಾಳ್ವೆ. 1867ರಲ್ಲಿ ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ ಈ ವಿಷಯವನ್ನು ಸಾರಿದಾಗ ಅನೇಕ ಪಂಡಿತರು ಒಪ್ಪಲಿಲ್ಲ. ಕಲ್ಲುಹೂವಿಗೆ ಬೇರಿಲ್ಲ, ನೀರನ್ನು ಕಾಪಿಟ್ಟುಕೊಳ್ಳುವ ಸಾಧನವೂ ಇಲ್ಲ. ತೇವ ಬಂದಾಗ ನೆನೆಯುತ್ತದೆ, ಹೋದಾಗ ಒಣಗುತ್ತದೆ. ಒಣಗಿದಾಗ ಅದರ ಜೀವವ್ಯಾಪಾರಗಳು ನಿಂತಂತಾಗುತ್ತವೆಯೇ ಹೊರತು ಅದು ಸಾಯುವುದಿಲ್ಲ. ಈ ಗುಣದಿಂದಲೇ ಅದು ಅತಿಶೀತವನ್ನು ಸಹಿಸಬಲ್ಲದು. ಅಂಟಾರ್ಕ್ಟಿಕದಲ್ಲಿ ಅಲ್ಲಿಯದೇ ಆದ ಹೂಬಿಡುವ ಗಿಡಗಳು ಎರಡೇ ಜಾತಿಯವು; ಕಲ್ಲುಹೂಗಳಾದರೋ ಸುಮಾರು 400 ಜಾತಿಯವು. ಭಾರತದ ಮೈತ್ರಿ ಕೇಂದ್ರವಿರುವ ಶಿರ್ಮಾಕರ್ ಪ್ರದೇಶದ ಬಂಡೆಗಳ ಮೇಲೂ ಅವು ಇವೆ. ಅಲ್ಲಿನ ಅಂಬಿಲಿಕೇರಿಯ ಜಾತಿಯೊಂದು ಶೂನ್ಯಕ್ಕಿಂತ 17 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿಯೂ ಬೆಳಕಿನಿಂದ ಆಹಾರವನ್ನು ತಯಾರಿಸಿಕೊಳ್ಳುವುದನ್ನು ಅಳೆದು ತೋರಿಸಲಾಗಿದೆ. ಒಣ ಕಣಿವೆಗಳಲ್ಲಿ ಕೆಲವು ಕಲ್ಲುಹೂಗಳು ಬಂಡೆಯ ಹೊರಮೈಯನ್ನೇ ತೊರೆದು, ಮರಳುಗಲ್ಲಿನ ರಂಧ್ರಗಳೊಳಗೆ ಕೆಲವೇ ಮಿಲಿಮೀಟರುಗಳ ಆಳದಲ್ಲಿ ವಾಸಿಸುತ್ತಿರುವುದನ್ನು 1982ರಲ್ಲಿ ಇಮ್ರೆ ಫ್ರೀಡ್‌ಮನ್ ವಿವರಿಸಿದನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಧ್ರುವದಲ್ಲಿ ಕಲ್ಲುಹೂವಿನ ಬೆಳವಣಿಗೆಯನ್ನು ತಡೆಯುವುದು ಚಳಿಯೊಂದೇ ಅಲ್ಲ; ಅದಕ್ಕಿಂತ ಮಿಗಿಲಾಗಿ ನೀರಿನ ಅಭಾವ. ನೀರೆಲ್ಲ ಹಿಮವಾಗಿ ಕಟ್ಟಿಬಿದ್ದಿರುವುದರಿಂದ ಆ ಪ್ರದೇಶವು ಮರುಭೂಮಿಯೇ ಸರಿ. ಬಿಸಿಲಿಗೆ ಬಂಡೆ ಕಾದು ಹಿಮ ಕರಗುವ ಅಲ್ಪಕಾಲದಲ್ಲಿ ಮಾತ್ರ ಕಲ್ಲುಹೂ ಎಚ್ಚತ್ತು ಬೆಳೆಯುತ್ತದೆ. ಉಳಿದ ಕಾಲವೆಲ್ಲ ನಿದ್ರೆ. ಬೆಳವಣಿಗೆ ನಿಧಾನ, ಆಯುಸ್ಸು ದೀರ್ಘ, ಜಾಗಕ್ಕಾಗಿ ಸೆಣಸುವ ಬೇರೆ ಸಸ್ಯಗಳು ವಿರಳ, ಕಲ್ಲನ್ನು ಮುಟ್ಟುವ ಮನುಷ್ಯರೂ ವಿರಳ. ಈ ನಾಲ್ಕು ಕಾರಣಗಳು ಕೂಡಿದ್ದರಿಂದಲೇ ಕಲ್ಲುಹೂ ಅಲ್ಲಿ ಗಡಿಯಾರವಾಗಬಲ್ಲುದೆಂಬ ನಂಬಿಕೆ ಹುಟ್ಟಿತು.

ಆ ನಂಬಿಕೆಯೂ ಈಗ ವಿವಾದಾತೀತವಾಗಿ ಉಳಿದಿಲ್ಲ. ಅಂಟಾರ್ಕ್ಟಿಕವೊಂದರಲ್ಲಿಯೇ, ಒಣ ಕಣಿವೆಗಳಿಗೂ ತೇವವುಳ್ಳ ಕಡಲಂಚಿನ ದ್ವೀಪಗಳಿಗೂ ಬೆಳವಣಿಗೆಯ ವೇಗದಲ್ಲಿ ಸುಮಾರು ನೂರು ಪಾಲಿನ ಅಂತರವಿದೆಯೆಂದು 2007ರಲ್ಲಿ ಸ್ಪೇನಿನ ಲಿಯೋಪೋಲ್ಡೊ ಸಾಂಚೊ ಮತ್ತು ಅವರ ಸಂಗಡಿಗರು ತೋರಿಸಿದರು. 2015ರಲ್ಲಿ ಜೆರಾಲ್ಡ್ ಆಸ್ಬರ್ನ್ ಮತ್ತು ಅವರ ಸಂಗಡಿಗರು, ಈ ವಿಧಾನವು ವಿಜ್ಞಾನವೋ ಹುಸಿವಿಜ್ಞಾನವೋ ಎಂದು ನೇರವಾಗಿಯೇ ಪ್ರಶ್ನಿಸಿದರು. ನಮ್ಮ ಅಭಿಪ್ರಾಯದಲ್ಲಿ ಆ ಪ್ರಶ್ನೆಯ ಧ್ವನಿ ಕೊಂಚ ಕಟುವಾದುದು. ಆದರೆ ಒಂದೆಡೆ ಅಳೆದ ಪ್ರಮಾಣವನ್ನು ಇನ್ನೊಂದೆಡೆಗೆ ಎರವಲು ಪಡೆಯಬಾರದೆಂಬ ಎಚ್ಚರಿಕೆ ಅದರಿಂದ ಸ್ಥಿರಪಟ್ಟಿತು.

ಹಿಮದ ನಾಡಿನ ಸ್ಥಿತಿಯೇ ಹೀಗಿರುವಾಗ ನಾರಾವಿಯ ಮಾತೇನು? ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಮ್ಮ ಬಂಡೆಗಳೂ ಮರುಭೂಮಿಗಳೇ. ಅವುಗಳ ಮೇಲಿನ ಕಲ್ಲುಹೂವೂ ಒಣಗಿ ಮಲಗಿರುತ್ತದೆ. ಆದರೆ ಜೂನ್ ಬಂದೊಡನೆ ಸ್ಥಿತಿ ತಲೆಕೆಳಗಾಗುತ್ತದೆ. ಎಡೆಬಿಡದ ಮಳೆಯಲ್ಲಿ ಕಲ್ಲುಹೂ ನೀರಿನಿಂದ ತೊಯ್ದುಹೋದಾಗ, ಇಂಗಾಲಾಮ್ಲ ವಾಯು ಅದರ ಒಳಕ್ಕೆ ಸುಲಭವಾಗಿ ಸೇರಲಾರದು. ರಾತ್ರಿಯೂ ಬೆಚ್ಚಗೆ, ತೇವವಾಗಿ ಇರುವುದರಿಂದ ಹಗಲಿನಲ್ಲಿ ಗಳಿಸಿದ ಆಹಾರದ ಬಹುಭಾಗ ಉಸಿರಾಟದಲ್ಲಿಯೇ ವ್ಯಯವಾಗುತ್ತದೆ. ಮೇಲಾಗಿ ಹಾವಸೆ, ಜರಿಗಿಡಗಳು ಅದರ ಜಾಗವನ್ನು ಆಕ್ರಮಿಸುತ್ತವೆ. ಅಡಕೆಯ ತೋಟದ ನೆರಳು ಕವಿದರೆ ಬಿಸಿಲಿನ ಜಾತಿಗಳು ಅಳಿದು ಬೇರೆಯವು ಬರುತ್ತವೆ. ಆದುದರಿಂದ ಇಲ್ಲಿನ ಚಕ್ಕೆಯ ಅಗಲವು ಕಾಲವನ್ನಷ್ಟೇ ಅಲ್ಲ, ಮಳೆ, ನೆರಳು, ಸ್ಪರ್ಧೆಗಳನ್ನೂ ಬೆರೆಸಿ ಹೇಳುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮನುಷ್ಯನದು. ನಮ್ಮ ಸೀಮೆಯಲ್ಲಿ ತೆರೆದ ಆಕಾಶದಡಿ ನಿಂತ, ಕಾಲ ಖಚಿತವಾಗಿ ಗೊತ್ತಿರುವ ಮೂರು ಮಹಾಶಿಲೆಗಳಿವೆ: 1432ರಲ್ಲಿ ಪ್ರತಿಷ್ಠಿತವಾದ ಕಾರ್ಕಳದ ಗೊಮ್ಮಟ, 1604ರ ವೇಣೂರಿನ ಗೊಮ್ಮಟ, 1982ರ ಧರ್ಮಸ್ಥಳದ ಗೊಮ್ಮಟ. ಬೆಳವಣಿಗೆಯ ಪ್ರಮಾಣವನ್ನು ಕಟ್ಟಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿದೆಯೆಂದು ಯಾರಿಗಾದರೂ ತೋರಬಹುದು. ಆದರೆ ಇವು ಅನಾಥ ಶಿಲೆಗಳಲ್ಲ, ಪೂಜ್ಯ ಬಿಂಬಗಳು. ಅವುಗಳಿಗೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. ಕಾರ್ಕಳದಲ್ಲಿ 2015ರಲ್ಲಿ, ವೇಣೂರಿನಲ್ಲಿ 2024ರಲ್ಲಿ ನಡೆಯಿತು. ನೀರು, ಹಾಲು, ಅರಿಸಿನ, ಗಂಧಗಳು ಹರಿದ, ಶುಚಿಗೊಳಿಸಿದ ಮೈಮೇಲೆ ಬೆಳೆದ ಕಲ್ಲುಹೂ ಹೇಳುವುದು ಶಿಲ್ಪಿಯ ಉಳಿಯ ಕಾಲವನ್ನಲ್ಲ, ಕಡೆಯ ಸಲ ತೊಳೆದ ಕೈಯ ಕಾಲವನ್ನು. ಭಕ್ತಿಯ ಈ ಇತಿಹಾಸವನ್ನು ಬಿಟ್ಟು ಬರಿಯ ಅಳತೆಗೋಲನ್ನು ಹಿಡಿದವನು, ಐದು ಶತಮಾನಗಳ ವಿಗ್ರಹವನ್ನು ಹತ್ತು ವರ್ಷದ ಶಿಲೆಯೆಂದು ಎಣಿಸಿಯಾನು.

ಹಾಗಾದರೆ ಕಲ್ಲುಹೂವಿನ ಸಾಕ್ಷ್ಯವನ್ನು ತಳ್ಳಿಹಾಕಬೇಕೇ? ಬೇಕಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. ಶಿಲೆಯ ಮೈ ಬಯಲಿಗೆ ಬಂದ ಕಾಲ, ಅಕ್ಷರವನ್ನು ಕೆತ್ತಿದ ಕಾಲ, ಈಗಿರುವೆಡೆ ನೆಟ್ಟ ಕಾಲ, ಈ ಮೂರೂ ಬೇರೆ ಬೇರೆ. ನಾರಾವಿಯಲ್ಲಿ ನಾನು ಮೊದಲನೆಯದನ್ನು ಮೂರನೆಯದೆಂದು ಭಾವಿಸಿ ಎಡವಿದೆನು. ಅಕ್ಷರದ ಗೀರಿನೊಳಗೆ ಬೆಳೆದ ಕಲ್ಲುಹೂ ಅಕ್ಷರಕ್ಕಿಂತ ಈಚಿನದೆಂಬುದು ನಿಶ್ಚಯ. ಹೊಸದಾಗಿ ಕೊರೆದ ಗೀರು ಹಳೆಯ ಚಕ್ಕೆಯನ್ನು ಕಡಿದು ಹೋಗಿದ್ದರೆ, ಅದು ಕೃತ್ರಿಮ ಬರಹವಿರಬಹುದೆಂಬ ಸಂದೇಹಕ್ಕೆ ಕಾರಣ. ನೆಲದತ್ತ ಮುಖಮಾಡಿದ ಭಾಗದಲ್ಲಿ ಸತ್ತ ಕಲ್ಲುಹೂವಿನ ಕಲೆಯಿದ್ದರೆ, ಶಿಲೆಯನ್ನು ಮಗುಚಿರಬಹುದೆಂಬ ಸೂಚನೆ. ಶಕವರ್ಷವುಳ್ಳ ದಾನಶಾಸನಗಳು, ಚರ್ಚುಗಳ ಸಮಾಧಿಕಲ್ಲುಗಳು, ಇವುಗಳಲ್ಲಿ ತೊಳೆಯದೆ ಉಳಿದವುಗಳ ಮೇಲಿನ ಅಳತೆಗಳನ್ನು ಜಾತಿವಾರು ಸಂಗ್ರಹಿಸಿದರೆ, ನಮ್ಮ ಸೀಮೆಗೆ ನಮ್ಮದೇ ಆದ ಪ್ರಮಾಣ ದೊರೆತೀತೋ ಇಲ್ಲವೋ ತಿಳಿಯುವುದು.

ಆದರೆ ಈ ಕೆಲಸಕ್ಕೆ ಸಾಕ್ಷಿ ಉಳಿದಿರಬೇಕು. ಶಾಸನವನ್ನು ಓದುವ ಆತುರದಲ್ಲಿ ತಂತಿಬ್ರಷ್ಷಿನಿಂದ ಉಜ್ಜುವುದು, ಆಮ್ಲವನ್ನು ಸುರಿಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಕಲ್ಲುಹೂವಿನ ಎಳೆಗಳು ಕಲ್ಲಿನ ಕಣಗಳ ನಡುವೆ ಇಳಿದಿರುತ್ತವೆ. ಬಲವಂತವಾಗಿ ಕಿತ್ತಾಗ ಕಣಗಳೂ, ಅವುಗಳೊಡನೆ ಅಕ್ಷರದ ಅಂಚೂ ಹೋಗುತ್ತವೆ. ಓರೆಯಾಗಿ ಬೆಳಕು ಬಿಟ್ಟು ಛಾಯಾಚಿತ್ರ ತೆಗೆದರೆ ಎಷ್ಟೋ ಅಕ್ಷರಗಳು ಉಜ್ಜದೆಯೇ ಕಾಣುತ್ತವೆ. ಆದಕಾರಣ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಮೊದಲು ಅಳೆಯಲಿ, ಚಿತ್ರ ತೆಗೆಯಲಿ, ಊರಿನ ಹಿರಿಯರನ್ನು ವಿಚಾರಿಸಲಿ. ಶುಚಿಗೊಳಿಸುವ ಕಾರ್ಯವನ್ನು ಅದನ್ನು ಬಲ್ಲವರಿಗೆ ಬಿಡಲಿ. ತೋಟದ ಯಜಮಾನರ ಆ ಒಂದು ಮಾತನ್ನು ನಾನು ಮೊದಲೇ ಕೇಳಿದ್ದರೆ, ನನ್ನ ನಾಲ್ಕೈದು ಶತಮಾನಗಳು ಅಷ್ಟು ಸುಲಭವಾಗಿ ಹುಟ್ಟುತ್ತಿರಲಿಲ್ಲ.