ತೆರೆಯ ಮೇಲಣ ಬಂದರು

ನಗರದಲ್ಲಿ ಚಿತ್ರ ತೆಗೆಯುವುದು ಒಂದು, ನಗರದ ಚಿತ್ರವನ್ನು ತೆಗೆಯುವುದು ಇನ್ನೊಂದು. ಇವೆರಡರ ನಡುವಣ ಅಂತರವನ್ನು ಅಳೆಯುವುದಕ್ಕೆ ಹಾಂಗ್‌ಕಾಂಗಿನಷ್ಟು ಅನುಕೂಲವಾದ ಊರು ಏಷ್ಯಾ ಖಂಡದಲ್ಲಿ ಮತ್ತೊಂದಿಲ್ಲವೆಂದು ನನ್ನ ಭಾವನೆ. ಮುಂಬಯಿಯಂತೆ ಅದೂ ಬ್ರಿಟಿಷರ ಕಾಲದಲ್ಲಿ ಬೆಳೆದ ಬಂದರು. ಮುಂಬಯಿಯಂತೆ ಅದೂ ಕಡಲನ್ನು ತುಂಬಿ ನೆಲ ಮಾಡಿಕೊಂಡ ಊರು. ಹೊಟ್ಟೆಪಾಡಿಗಾಗಿ ಬಂದು ನೆಲೆಸಿದವರೇ ಬಹುಮಟ್ಟಿಗೆ ಕಟ್ಟಿದ ಊರು. ಆದುದರಿಂದ ಅದರ ಚಿತ್ರಗಳ ವಿಚಾರವು ಈ ಪತ್ರಿಕೆಯ ವಾಚಕರಿಗೆ ಬರಿಯ ದೂರದ ಕುತೂಹಲವಾಗಲಾರದು. ತಾವು ಬಾಳುವ ಊರನ್ನು ಪರರ ಕ್ಯಾಮರಾ ಹೇಗೆ ಕಾಣುತ್ತದೆ, ಏನನ್ನು ಕಾಣದೆ ಬಿಡುತ್ತದೆ ಎಂಬುದನ್ನು ಬಂದರಿನಲ್ಲಿ ಬಾಳಿದವರು ಚೆನ್ನಾಗಿ ಬಲ್ಲರು.

ಹೊರಗಿನವನ ಕಣ್ಣು ಆ ಊರಿಗೆ ಸಮುದ್ರದ ಕಡೆಯಿಂದ ಬಂತು. 1955ರಲ್ಲಿ ಎರಡು ಅಮೆರಿಕನ್ ಚಿತ್ರಗಳು ಒಂದೇ ಸಂಸ್ಥೆಯಿಂದ ಹೊರಬಿದ್ದುವು: ಹಾನ್ ಸುಯಿನ್ ಅವರ ಕಾದಂಬರಿಯನ್ನಾಧರಿಸಿದ ‘ಲವ್ ಈಸ್ ಎ ಮೆನಿ-ಸ್ಪ್ಲೆಂಡರ್ಡ್ ಥಿಂಗ್’ ಮತ್ತು ಕ್ಲಾರ್ಕ್ ಗೇಬಲ್ ನಟಿಸಿದ ‘ಸೋಲ್ಜರ್ ಆಫ್ ಫಾರ್ಚೂನ್’. ಎರಡೂ ಸಿನೆಮಾಸ್ಕೋಪಿನ ಅಗಲ ತೆರೆಗಾಗಿ ತೆಗೆದವು. ಮನೆಮನೆಗೂ ಟೆಲಿವಿಷನ್ ಬಂದು ಚಿತ್ರಮಂದಿರಗಳು ಬರಿದಾಗುತ್ತಿದ್ದ ಕಾಲವದು. ಮನೆಯ ಪೆಟ್ಟಿಗೆಯಲ್ಲಿ ಹಿಡಿಸದಷ್ಟು ವಿಸ್ತಾರವಾದ ನೋಟವನ್ನು ಒದಗಿಸಬೇಕಾದ ಒತ್ತಡ ಹಾಲಿವುಡ್ಡಿಗಿತ್ತು. ಒಂದು ಕಡೆ ಬೆಟ್ಟ, ನಡುವೆ ನೀರು, ಆಚೆ ದಡದಲ್ಲಿ ಇನ್ನೊಂದು ಊರು, ನೀರಿನ ಮೇಲೆ ಹಾಯಿಹಡಗುಗಳು: ಆ ತೆರೆಯ ಅಳತೆಗೇ ಹೊಲಿಸಿದಂತಿತ್ತು ಹಾಂಗ್‌ಕಾಂಗ್. ಹೀಗೆ ಅಗಲ ತೆರೆಯ ವ್ಯಾಪಾರವು ಹುಟ್ಟಿಸಿದ ಆ ನೋಟವೇ ಮುಂದೆ ಆ ಊರಿನ ಮುಖವೆಂದು ಲೋಕದಲ್ಲಿ ರೂಢವಾಯಿತು. ಈ ಸಂಗತಿಯನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

1960ರ ‘ದಿ ವರ್ಲ್ಡ್ ಆಫ್ ಸೂಜಿ ವಾಂಗ್’ ಇವೆರಡಕ್ಕಿಂತ ಪ್ರಸಿದ್ಧವಾದುದು. ರಿಚರ್ಡ್ ಮೇಸನ್ನರ ಕಾದಂಬರಿ, ರಿಚರ್ಡ್ ಕ್ವೈನರ ನಿರ್ದೇಶನ, ವಿಲಿಯಂ ಹೋಲ್ಡನ್ ಮತ್ತು ನ್ಯಾನ್ಸಿ ಕ್ವಾನ್ ಅವರ ಅಭಿನಯ. ಬಡ ಚಿತ್ರಕಾರನೊಬ್ಬ ಸ್ಟಾರ್ ಫೆರಿಯ ದೋಣಿಯಲ್ಲಿ ಒಬ್ಬ ತರುಣಿಯನ್ನು ಕಾಣುತ್ತಾನೆ. ತಾನು ಧನಿಕನ ಮಗಳೆಂದು ಅವಳು ಹೇಳಿಕೊಳ್ಳುತ್ತಾಳೆ. ನಾವಿಕರು ಬಂದುಹೋಗುವ ಹೋಟೆಲಿನಲ್ಲಿ ದುಡಿಯುವವಳು ಅವಳೆಂದು ಅನಂತರ ತಿಳಿಯುತ್ತದೆ. ಕಥೆಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಪೂರ್ವದೇಶದ ಹೆಣ್ಣು ಪರದೇಶದ ಗಂಡಿನ ಕರುಣೆಗಾಗಿ ಕಾದಿರುವಳೆಂಬ ಹಳೆಯ ಸವಕಲು ನಾಣ್ಯವನ್ನೇ ಅದು ಮತ್ತೊಮ್ಮೆ ಚಲಾವಣೆಗೆ ತಂದಿತು. ಒಳಾಂಗಣ ದೃಶ್ಯಗಳನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದರು. ಬಾಗಿಲ ಹೊರಗೆ ಹಾಂಗ್‌ಕಾಂಗ್, ಬಾಗಿಲ ಒಳಗೆ ಬೋರಮ್‌ವುಡ್. ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಆ ದೋಣಿ ಸಾರಿಗೆಯನ್ನು 1888ರಲ್ಲಿ ಸ್ಥಾಪಿಸಿದವನು ದೊರಾಬ್ಜಿ ನವರೋಜಿ ಎಂಬ ಪಾರ್ಸಿ. ‘ಸ್ಟಾರ್ ಫೆರಿ’ ಎಂಬ ಹೆಸರು ಬಂದುದು 1898ರಲ್ಲಿ. ಆ ದೋಣಿಗಳನ್ನು ಮೆಚ್ಚಿ ಮೆಚ್ಚಿ ತೋರಿಸುವ ಚಿತ್ರಗಳಲ್ಲಿ, ನಾನು ನೋಡಿದಮಟ್ಟಿಗೆ, ಎಲ್ಲಿಯೂ ಅವನ ಸುದ್ದಿಯಿಲ್ಲ.

1960-61ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ‘ಹಾಂಗ್‌ಕಾಂಗ್’ ಎಂಬ ಹೆಸರಿನಿಂದಲೇ ಒಂದು ಧಾರಾವಾಹಿ ಬಂದು, ಒಂದೇ ವರ್ಷದಲ್ಲಿ ಮುಗಿಯಿತು. ರಾಡ್ ಟೇಲರ್ ಪತ್ರಕರ್ತನ ಪಾತ್ರದಲ್ಲಿ ಓಡಾಡಿದ ಬೀದಿಗಳು ಹೆಚ್ಚಾಗಿ ಹಾಲಿವುಡ್ಡಿನವೇ. ಬ್ರೂಸ್ ಲೀ ತೀರಿಕೊಂಡ ಮೇಲೆ, ಅದೇ ವರ್ಷ ಬಿಡುಗಡೆಯಾದ ‘ಎಂಟರ್ ದಿ ಡ್ರಾಗನ್’ (1973) ಆಬರ್ಡೀನಿನ ದೋಣಿವಾಸಿಗಳ ನಡುವೆ ಕ್ಷಣಕಾಲ ಹಾದು ಒಂದು ಕಲ್ಪಿತ ದ್ವೀಪಕ್ಕೆ ಹೋಗಿಬಿಡುತ್ತದೆ. ಮರುವರ್ಷದ ಜೇಮ್ಸ್ ಬಾಂಡ್ ಚಿತ್ರಕ್ಕೆ, 1972ರ ಜನವರಿಯಲ್ಲಿ ಬೆಂಕಿಬಿದ್ದು ಬಂದರಿನಲ್ಲಿ ಮಗುಚಿದ್ದ ‘ಕ್ವೀನ್ ಎಲಿಜಬೆತ್’ ಹಡಗು ದೊರೆಯಿತು. ಓರೆಯಾಗಿ ಬಿದ್ದ ಆ ಹಡಗಿನೊಳಗೆ ಬ್ರಿಟಿಷ್ ಗೂಢಚಾರರ ಕಚೇರಿಯನ್ನಿಟ್ಟುದು ಜಾಣ್ಮೆಯೇ ಸರಿ. ಸಾಮ್ರಾಜ್ಯದ ಸ್ಥಿತಿಯನ್ನು ಇಷ್ಟು ಚೆನ್ನಾಗಿ ಹೇಳಿದ ಚಿತ್ರಿಕೆ ಇನ್ನೊಂದನ್ನು ನಾನು ಕಾಣೆ. ನಿರ್ಮಾಪಕರು ಅದನ್ನು ಉದ್ದೇಶಿಸಿದ್ದರೋ ಇಲ್ಲವೋ ಬೇರೆ ಮಾತು.

ಪರರನ್ನು ದೂರುವ ಮುನ್ನ ನಮ್ಮವರನ್ನೂ ನೋಡಬೇಕು. ಎಂ.ಜಿ.ಆರ್. ಅವರ ‘ಉಲಗಂ ಸುಟ್ರುಂ ವಾಲಿಬನ್’ (1973) ಹಾಂಗ್‌ಕಾಂಗ್, ಸಿಂಗಪುರ, ಬ್ಯಾಂಕಾಕ್, ಜಪಾನುಗಳನ್ನು ಸುತ್ತಿಬಂದಿತು. ಕನ್ನಡದಲ್ಲಿ ದ್ವಾರಕೀಶ್ ಅವರು ವಿಷ್ಣುವರ್ಧನ್‌ರೊಡನೆ ಕಡಲು ದಾಟಿ ‘ಸಿಂಗಾಪುರಿನಲ್ಲಿ ರಾಜಾ ಕುಳ್ಳ’ವನ್ನು (1978) ತಂದರು, ಅಂದಿನ ಪ್ರೇಕ್ಷಕನು ಆ ಬಂದರನ್ನು ಕಂಡು ಹಿಗ್ಗಿದುದು ಸಹಜವೇ. ಆದರೆ ಈ ಚಿತ್ರಗಳಲ್ಲಿಯೂ ಪರನಗರವು ನಾಯಕನು ಹಾಡುವುದಕ್ಕೆ ಹಿಂದೆ ಇಳಿಬಿಟ್ಟ ಪರದೆಯೇ. ಅಲ್ಲಿಯ ನಿವಾಸಿಗಳು ಬದಿಗೆ ಸರಿದು ನಿಂತು ನಮ್ಮವರ ಕುಣಿತವನ್ನು ನೋಡುತ್ತಾರೆ.

ಇಷ್ಟು ಹೇಳಿದ ಮೇಲೂ ‘ಸೂಜಿ ವಾಂಗ್’ ಚಿತ್ರವನ್ನು ಪೂರ್ತಿಯಾಗಿ ತಳ್ಳಿಹಾಕಲು ನನ್ನಿಂದಾಗದು. ಅದರ ಕಥೆ ಎಷ್ಟು ಸುಳ್ಳೋ ಅದರ ಬೀದಿಗಳು ಅಷ್ಟು ನಿಜ. 1957ರಲ್ಲಿ ಕಟ್ಟಿದ ಗಡಿಯಾರದ ಗೋಪುರವುಳ್ಳ ಸ್ಟಾರ್ ಫೆರಿಯ ಧಕ್ಕೆಯನ್ನು 2006ರ ನವೆಂಬರಿನಲ್ಲಿ ಮುಚ್ಚಿ, ಡಿಸೆಂಬರಿನಲ್ಲಿ ಕೆಡವಿದರು. ಕಡಲು ತುಂಬುವ ಯೋಜನೆಗೆ ಅದು ಅಡ್ಡವಾಗಿತ್ತು. ತರುಣರು ಅಲ್ಲಿಯೇ ಕುಳಿತು ಪ್ರತಿಭಟಿಸಿದರು, ಫಲವಾಗಲಿಲ್ಲ. ವಿಮಾನಗಳು ಮನೆಯ ಮಾಳಿಗೆಗಳನ್ನು ಸವರಿದಂತೆ ಇಳಿಯುತ್ತಿದ್ದ ಕೈಟಾಕ್ ನಿಲ್ದಾಣ 1998ರಲ್ಲಿಯೇ ಮುಚ್ಚಿತ್ತು. ಹಾಯಿಹಡಗುಗಳು ಹೋದುವು; ಸರಕಿನ ಕೆಲಸವು ಕ್ವಾಯ್ ಚುಂಗಿನ ಕಂಟೇನರ್ ಕಟ್ಟೆಗಳಿಗೆ ಸರಿದು ಪ್ರವಾಸಿಯ ಕಣ್ಣಿಗೆ ಮರೆಯಾಯಿತು. ಅತ್ತ, ಆ ಕಾಲದ ಸ್ಥಳೀಯ ಚಿತ್ರಗಳು ಬಹುಪಾಲು ಸ್ಟುಡಿಯೋದೊಳಗೇ ತಯಾರಾದುವು. ಷಾ ಸೋದರರು ಕ್ಲಿಯರ್‌ವಾಟರ್ ಬೇಯಲ್ಲಿ ಕಟ್ಟಿದ ವಿಶಾಲ ಸ್ಟುಡಿಯೋದಲ್ಲಿ ಪ್ರಾಚೀನ ಚೀನದ ಅರಮನೆಗಳೂ ಕತ್ತಿವರಸೆಗಳೂ ಮೆರೆದುವೇ ಹೊರತು ಹೊರಗಿನ ಬೀದಿಗೆ ಎಡೆಯಿರಲಿಲ್ಲ. ಹೀಗಾಗಿ ಊರಿನವರು ತಮ್ಮ ತಂದೆತಾಯಿಗಳು ನಡೆದಾಡಿದ ದಡವನ್ನು ಬಣ್ಣದಲ್ಲಿ ಕಾಣಬೇಕಾದರೆ, ತಮ್ಮನ್ನು ಅವಮಾನಿಸುವ ಒಂದು ಚಿತ್ರವನ್ನೇ ಆಶ್ರಯಿಸಬೇಕಾಯಿತು. ವಿಮರ್ಶೆಗೆ ಇದು ಬಿಡಿಸಲಾಗದ ತೊಡಕು. ಕೃತಿಯ ಅಭಿಪ್ರಾಯವನ್ನು ನಿರಾಕರಿಸಿ ಅದರ ಸಾಕ್ಷ್ಯವನ್ನು ಮಾತ್ರ ಸ್ವೀಕರಿಸುವೆವೆಂದರೆ ಅದು ನಡೆಯುವ ಮಾತೇ? ನಡೆಯುತ್ತದೆಂದೇ ನನ್ನ ಅನುಭವ. ಆದರೆ ಎರಡು ಕಣ್ಣುಗಳಿಂದ ಎರಡು ಚಿತ್ರಗಳನ್ನು ನೋಡಿದ ಆಯಾಸ ಅದರಲ್ಲಿದೆ.

ಊರಿನ ಮಗನೆಂದು ಲೋಕವು ಗುರುತಿಸಿದ ನಿರ್ದೇಶಕ ವಾಂಗ್ ಕಾರ್-ವಾಯ್. ಅವರ ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ (1994), ಬೇರೊಂದು ಚಿತ್ರದ ಸಂಕಲನದ ಬಿಡುವಿನಲ್ಲಿ ತುರ್ತಾಗಿ ತೆಗೆದುದು. ಬಂದರಿನ ವಿಶಾಲ ನೋಟವೆಂಬುದನ್ನು ಅದು ಬಿಟ್ಟುಕೊಟ್ಟಿದೆ. ಇಕ್ಕಟ್ಟಾದ ಓಣಿ, ತಿಂಡಿಯ ಅಂಗಡಿ, ಅದರ ಹಿಂದಿನ ವರ್ಷವಷ್ಟೇ ತೆರೆದಿದ್ದ ಬೆಟ್ಟದ ಚಲಿಸುವ ಮೆಟ್ಟಿಲು, ಮತ್ತು ಆ ಮೆಟ್ಟಿಲಿಗೆ ತಾಗಿದಂತಿರುವ, ವಾಸ್ತವವಾಗಿ ಛಾಯಾಗ್ರಾಹಕ ಕ್ರಿಸ್ಟೊಫರ್ ಡಾಯ್ಲರದೇ ಆದ, ಕೋಣೆ. ಮೆಟ್ಟಿಲ ಮೇಲೆ ಸಾಗುವವರು ಬಗ್ಗಿ ನೋಡಿದರೆ ಪರರ ಸಂಸಾರ ಕಾಣುತ್ತದೆ. ಜನಸಂದಣಿಯಲ್ಲಿ ಒಂಟಿತನ ಹೇಗಿರುತ್ತದೆಂಬುದನ್ನು ಉಪದೇಶವಿಲ್ಲದೆ ಹೇಳಿದ ಚಿತ್ರವಿದು. ಅದರಲ್ಲಿ ಒಬ್ಬ ಪೋಲೀಸಿನವನು ಮೇ 1ರಂದು ಅವಧಿ ತೀರುವ ಅನಾನಸಿನ ಡಬ್ಬಿಗಳನ್ನು ಕೂಡಿಹಾಕುತ್ತಾನೆ. ಆ ದಿನಾಂಕವೆಂದರೆ 1997ರ ಹಸ್ತಾಂತರವೇ ಎಂದು ವ್ಯಾಖ್ಯಾನಿಸುವವರು ಹಲವರು. ಡಬ್ಬಿಯ ಮೇಲಣ ಪ್ರತಿಯೊಂದು ಅಂಕಿಗೂ ರಾಜಕೀಯಾರ್ಥವನ್ನು ಹಚ್ಚುವುದಾದರೆ ಪಾಪ, ಆ ಹುಡುಗನ ವಿರಹಕ್ಕೆ ಉಳಿಯುವುದೇನು?

ಆದರೆ ಈ ಚಿತ್ರದ ಬಗೆಗೆ ನನ್ನದೊಂದು ತಕರಾರಿದೆ. ಚುಂಗ್‌ಕಿಂಗ್ ಮ್ಯಾನ್ಷನ್ಸ್ ಎಂಬುದು 1961ರಲ್ಲಿ ಕಟ್ಟಿದ ಹದಿನೇಳು ಅಂತಸ್ತಿನ ಕಟ್ಟಡ. ಭಾರತ, ಪಾಕಿಸ್ತಾನ, ನೇಪಾಳ, ಆಫ್ರಿಕಗಳ ವ್ಯಾಪಾರಿಗಳೂ ಅಡುಗೆಯವರೂ ಕೂಲಿಗಳೂ ಅಲ್ಲಿ ತುಂಬಿರುವರು. ಹಾಂಗ್‌ಕಾಂಗಿನ ಚೀನೀ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞ ಗೋರ್ಡನ್ ಮ್ಯಾಥ್ಯೂಸ್ 2011ರಲ್ಲಿ ಆ ಕಟ್ಟಡದ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿ, ಅಲ್ಲಿ ನಡೆಯುವ ವ್ಯವಹಾರವೆಷ್ಟು, ದುಡಿಮೆಯೆಷ್ಟು ಎಂಬುದನ್ನು ತೋರಿಸಿಕೊಟ್ಟರು. ಚಿತ್ರದಲ್ಲಾದರೋ ಭಾರತೀಯರು ಮಾದಕದ್ರವ್ಯ ಸಾಗಿಸುವುದಕ್ಕೆಂದು ಹಿಡಿತಂದ ಗುಂಪು. ವಿಮಾನನಿಲ್ದಾಣದಲ್ಲಿ ಮಾಯವಾಗಿ, ಹೊಂಗೂದಲ ಟೋಪನ್ನು ಧರಿಸಿದ ನಾಯಿಕೆಯನ್ನು ಸಂಕಟಕ್ಕೆ ಸಿಲುಕಿಸುವ ದ್ರೋಹಿಗಳು. ಅವರಲ್ಲಿ ಒಬ್ಬನಿಗೂ ವಿರಹವಿಲ್ಲ, ಅನಾನಸಿನ ಡಬ್ಬಿಯಿಲ್ಲ, ಮನಸ್ಸಿನ ಮಾತಿಲ್ಲ. ಅಮೆರಿಕನ್ನರು ಚೀನೀಯರಿಗೆ ಮಾಡಿದುದನ್ನು ಊರಿನ ಮಗನು ಊರಿನ ಪರಕೀಯರಿಗೆ ಮಾಡಿದನು. ಇದನ್ನು ಹೇಳದೆ ಆ ಚಿತ್ರವನ್ನು ಹೊಗಳುವುದು ನಮಗೆ, ಅದರಲ್ಲಿಯೂ ಪರಸ್ಥಳದಲ್ಲಿ ಹೋಟೆಲು ನಡೆಸಿ ಬದುಕಿದವರ ಮಕ್ಕಳಿಗೆ, ಸಲ್ಲದು.

ಅವರ ಇನ್ನೊಂದು ಕೃತಿ ‘ಇನ್ ದ ಮೂಡ್ ಫಾರ್ ಲವ್’ (2000). 1962ರ ಹಾಂಗ್‌ಕಾಂಗಿನಲ್ಲಿ, ಶಾಂಘಾಯಿಯಿಂದ ಬಂದು ನೆಲೆಸಿದವರ ನಡುವೆ ನಡೆಯುವ ಕಥೆ. ಚಿತ್ರದ ಬಹುಭಾಗವನ್ನು ತೆಗೆದುದು ಬ್ಯಾಂಕಾಕಿನಲ್ಲಿ. ಹಳೆಯ ಗೋಡೆಗಳೂ ಓಣಿಗಳೂ ತಮ್ಮ ಊರಿನಲ್ಲಿ ಉಳಿದಿರಲಿಲ್ಲವಾದ ಕಾರಣ ಪರದೇಶದಲ್ಲಿ ತಮ್ಮ ಊರನ್ನು ಅರಸಬೇಕಾಯಿತು. ಹೊರಗಿನವರ ಸುಳ್ಳು ಕಥೆಗೆ ನಿಜವಾದ ಬೀದಿ, ಒಳಗಿನವನ ನಿಜವಾದ ನೆನಪಿಗೆ ಸುಳ್ಳು ಬೀದಿ! ಆದರೂ ಗಂಜಿಯೋ ಶಾವಿಗೆಯೋ ತರಲು ಡಬ್ಬಿ ಹಿಡಿದು ಮೆಟ್ಟಿಲಿಳಿಯುವ ಆ ಹೆಂಗಸನ್ನು ಕಂಡಾಗ, ಪಕ್ಕದ ಮನೆಯವರ ಕಣ್ಣು ತಪ್ಪಿಸಿ ಬದುಕಬೇಕಾದ ಬಾಡಿಗೆ ಕೋಣೆಯ ಇಕ್ಕಟ್ಟು ಎಂತಹುದೆಂದು ಮುಂಬಯಿಯ ಚಾಳುಗಳಲ್ಲಿ ಬೆಳೆದವನಿಗೆ ಯಾರೂ ವಿವರಿಸಬೇಕಾಗುವುದಿಲ್ಲ.

ಇನ್ನು ಟೆಲಿವಿಷನ್ನಿನ ಪ್ರವಾಸಕಥನ. ಇಲ್ಲಿ ಕಣ್ಣಿಗಿಂತ ಬಾಯಿಗೆ ಪ್ರಾಧಾನ್ಯ. ಆಂಟನಿ ಬೋರ್ಡೇನ್ ‘ದಿ ಲೇಓವರ್’ (2011) ಮಾಲಿಕೆಯಲ್ಲಿ ಒಂದೆರಡು ದಿನಗಳ ತಂಗುವಿಕೆಯಲ್ಲಿ ಹಾಂಗ್‌ಕಾಂಗನ್ನು ಉಂಡು ಮುಗಿಸುವ ಬಗೆಯನ್ನು ಹೇಳಿಕೊಟ್ಟರು. ತಿನ್ನುವವನ ಸಂತೋಷ ನಿಜವಾದುದೇ. ಆದರೆ ಬೀದಿಬದಿಯ ಅಡುಗೆಯಂಗಡಿಗಳಿಗೆ ಹೊಸ ಪರವಾನಗಿ ಕೊಡುವುದನ್ನು ಸರಕಾರ ದಶಕಗಳ ಹಿಂದೆಯೇ ನಿಲ್ಲಿಸಿದುದರಿಂದ ಅವು ಬೆರಳೆಣಿಕೆಗೆ ಇಳಿದ ಕಥೆಗೆ ಅಂತಹ ಅವಸರದಲ್ಲಿ ಎಡೆಯೆಲ್ಲಿ? 2018ರ ಜೂನ್ 3ರಂದು ಪ್ರಸಾರವಾದ ಅವರ ‘ಪಾರ್ಟ್ಸ್ ಅನ್‌ನೋನ್’ ಸಂಚಿಕೆ ಇದಕ್ಕಿಂತ ಗಂಭೀರವಾದುದು. ಅದಾದ ಐದು ದಿನಗಳಲ್ಲಿ ಅವರು ತೀರಿಕೊಂಡರು. ಆದಕಾರಣ ಅದನ್ನು ತಟಸ್ಥವಾಗಿ ನೋಡುವುದು ಕಷ್ಟ. ಏಷ್ಯಾ ಆರ್ಜೆಂಟೊ ನಿರ್ದೇಶಿಸಿದ ಆ ಸಂಚಿಕೆಗೆ ಕ್ಯಾಮರಾ ಹಿಡಿದವರು ಅದೇ ಡಾಯ್ಲ್. ಬೋರ್ಡೇನರು ಆ ಚಿತ್ರಗಳನ್ನು ಪ್ರೀತಿಸಿದವರು. ಅವುಗಳ ಛಾಯಾಗ್ರಾಹಕನೇ ತಮ್ಮೊಡನೆ ಬರಬೇಕೆಂದು ಬಯಸಿದರು. ಪರಿಣಾಮವಾಗಿ, ನಾವು ನೋಡುವುದು 2018ರ ಊರನ್ನಲ್ಲ, 1994ರ ಚಿತ್ರವು ನೋಡಿದ ಊರನ್ನು. ಬೆಳಕಿನ ಹಲಗೆಗಳನ್ನು ಒಂದೊಂದಾಗಿ ಕಳಚುತ್ತಿದ್ದ ಕಾಲದಲ್ಲಿ ಅವುಗಳ ಹೊಳಪನ್ನೇ ಅರಸಿದ ಕ್ಯಾಮರಾ ಅದು. ಸೊಗಸಾಗಿದೆ, ಆದರೆ ಪ್ರವಾಸವು ತೀರ್ಥಯಾತ್ರೆಯಾಗಿ, ನಗರವು ತನ್ನದೇ ಚಿತ್ರದ ಪೂಜಾರಿಯಾಗಿ ನಿಂತಿದೆ.

ಇವೆಲ್ಲವುಗಳ ನಡುವೆ ನಾನು ಮೇಲಿಡುವ ಕೃತಿ ಆನ್ ಹುಯ್ ಅವರ ‘ದಿ ವೇ ವೀ ಆರ್’ (2008). ಬಂದರಿನಿಂದ ದೂರ, ವಾಯವ್ಯ ದಿಕ್ಕಿನಲ್ಲಿ ಸರಕಾರ ಕಟ್ಟಿದ ಟಿನ್ ಶುಯ್ ವಾಯ್ ಎಂಬ ಎತ್ತರದ ವಸತಿಗಳ ಬಡಾವಣೆ. ಬಡತನ, ಆತ್ಮಹತ್ಯೆ, ಕೌಟುಂಬಿಕ ಹಿಂಸೆಗಳ ಸುದ್ದಿಯಿಂದ ಪತ್ರಿಕೆಗಳು ಅದಕ್ಕೆ ‘ದುಃಖದ ನಗರ’ವೆಂದು ಹೆಸರಿಟ್ಟಿದ್ದುವು. ಅಂಗಡಿಯಲ್ಲಿ ಹಣ್ಣು ಹೆಚ್ಚಿ ಮಾರುವ ವಿಧವೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಮಲಗಿರುವ ಮಗ, ನೆರೆಯಲ್ಲಿ ಬಂದು ನೆಲೆಸಿದ ಒಂಟಿ ಮುದುಕಿ. ಅಪಘಾತವಿಲ್ಲ, ಕೊಲೆಯಿಲ್ಲ. ಮುದುಕಿ ಒಬ್ಬಳೇ ಅಡುಗೆ ಮಾಡಿ ಒಬ್ಬಳೇ ಉಣ್ಣುವುದನ್ನು ಕ್ಯಾಮರಾ ಅವಸರವಿಲ್ಲದೆ ನೋಡುತ್ತದೆ. ಮಗನು ಅವಳ ಮನೆಗೆ ಟೆಲಿವಿಷನ್ ಪೆಟ್ಟಿಗೆಯನ್ನು ಹೊತ್ತುಕೊಡುತ್ತಾನೆ. ಇಷ್ಟರಿಂದಲೇ ಮೂವರು ಒಂದು ಕುಟುಂಬವಾಗುವುದನ್ನು ಕಾಣುತ್ತೇವೆ. ಪಾವ್ ಹೇ-ಚಿಂಗ್ ಅವರ ಕೈ ಡೂರಿಯನ್ ಹಣ್ಣನ್ನು ಸೀಳುವ ಬಗೆಯಲ್ಲಿ ಇರುವ ನಗರಜ್ಞಾನವು ಆಕಾಶದಿಂದ ತೆಗೆದ ನೂರು ಬಂದರಿನ ನೋಟಗಳಲ್ಲಿಲ್ಲ. ಅಗ್ಗದ ವಿಡಿಯೋದಲ್ಲಿ ತೆಗೆದ ಈ ಚಿತ್ರವನ್ನು ಪ್ರವಾಸಿಗರು ಕೇಳಿಯೇ ಇಲ್ಲ.

2020ರ ಜೂನ್ 30ರಂದು ರಾಷ್ಟ್ರೀಯ ಭದ್ರತೆಯ ಕಾಯಿದೆ ಹಾಂಗ್‌ಕಾಂಗಿನಲ್ಲಿ ಜಾರಿಗೆ ಬಂತು. ಮರುವರ್ಷ ಚಲಚ್ಚಿತ್ರ ನಿಯಂತ್ರಣದ ನಿಬಂಧನೆಯನ್ನು ತಿದ್ದಿ, ಹಿಂದೆ ಅನುಮತಿ ಪಡೆದಿದ್ದ ಚಿತ್ರಗಳ ಅನುಮತಿಯನ್ನೂ ರದ್ದುಪಡಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟರು. 2019ರ ಬೀದಿಗಳನ್ನು ಚಿತ್ರಿಸಿದ ‘ರೆವಲ್ಯೂಷನ್ ಆಫ್ ಅವರ್ ಟೈಮ್ಸ್’ 2021ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅದರ ಬೀದಿಗಳಲ್ಲಿ ನಡೆದವರು ತಮ್ಮ ಊರಿನ ಚಿತ್ರಮಂದಿರದಲ್ಲಿ ಅದನ್ನು ನೋಡುವಂತಿಲ್ಲ.