ಗರಡಿಯ ಚರಿತ್ರೆ ಹೇಳಬಾರದೆ?

ಟೇಕ್ವಾಂಡೋ ಎಂಬ ಕೊರಿಯಾ ದೇಶದ ಕಾಳಗದ ವಿದ್ಯೆ ಈಗ ನಮ್ಮ ಮಕ್ಕಳಿಗೂ ಅಪರಿಚಿತವಲ್ಲ. ಅದು ಎರಡು ಸಾವಿರ ವರ್ಷಗಳಷ್ಟು ಹಳೆಯದೆಂದೂ, ಸಿಲ್ಲಾ ರಾಜ್ಯದ ಹ್ವಾರಾಂಗ್ ತರುಣರಿಂದ ಇಳಿದುಬಂದುದೆಂದೂ ಕಲಿಸುವವರು ಹೇಳುವುದುಂಟು. ಆದರೆ ಆ ಹೆಸರು ಹುಟ್ಟಿದುದು 1955ರಲ್ಲಿ. ಅದನ್ನು ಮುಂದಿಟ್ಟ ಜನರಲ್ ಚೋಯ್ ಹಾಂಗ್ ಹಿ ಯೌವನದಲ್ಲಿ ಜಪಾನಿನಲ್ಲಿ ಕರಾಟೆ ಕಲಿತವನು. 1944ರಲ್ಲಿ ಸಿಯೋಲಿನಲ್ಲಿ ಚುಂಗ್ ದೋ ಕ್ವಾನ್ ಎಂಬ ಶಾಲೆ ತೆರೆದ ಲೀ ವೊನ್ ಕುಕ್ ಕೂಡ ಕರಾಟೆಯ ಗುರು ಫುನಾಕೊಶಿಯ ಶಿಷ್ಯನೇ. ಇಷ್ಟನ್ನು ಬರೆದವರು ಅದೇ ವಿದ್ಯೆಯಲ್ಲಿ ಪಳಗಿದವರಾದರೂ ತಮ್ಮವರಿಂದಲೇ ಮನೆಮುರುಕರೆನಿಸಿಕೊಳ್ಳಬೇಕಾಯಿತು. 1910ರಿಂದ 1945ರ ತನಕ ಜಪಾನಿನ ಕಾಲಡಿಯಲ್ಲಿದ್ದ ಜನಕ್ಕೆ, ತಮ್ಮ ಹೆಮ್ಮೆಯ ವಿದ್ಯೆ ಆ ಜಪಾನಿನ ಋಣ ಹೊತ್ತಿದೆಯೆಂದರೆ ಗಾಯಕ್ಕೆ ಉಪ್ಪು ಸವರಿದಂತೆ. ಸಿಟ್ಟು ಬಂದುದು ಸಹಜ. ಆದರೆ ಸಿಟ್ಟು ಬಂದಿತೆಂದು ವರ್ಷಗಳು ಬದಲಾಗುವುದಿಲ್ಲ.

ಇಂಥ ಜಗಳ ನಮಗೆ ಹೊಸತಲ್ಲ. ಮೂಡಬಿದಿರೆಯ ರತ್ನಾಕರವರ್ಣಿಯನ್ನು ನೆನೆಯಿರಿ. ಭರತ ಬಾಹುಬಲಿಗಳ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಜೈನಪುರಾಣದ ಪ್ರಸಿದ್ಧ ಪ್ರಸಂಗ. ಪಂಪನು 'ಆದಿಪುರಾಣ'ದಲ್ಲಿ ಅದನ್ನು ಹೇಳಿದ್ದಾನೆ. ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಗೆದ್ದವನೇ ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. 'ಭರತೇಶ ವೈಭವ'ದ ಕವಿಗೆ ಮಾತ್ರ ತನ್ನ ಚಕ್ರವರ್ತಿ ಸೋಲುವುದು ಬೇಡವಾಯಿತು. ಅಣ್ಣನು ಒಳ್ಳೆಯ ಮಾತಿನಿಂದಲೇ ತಮ್ಮನ ಮನಸ್ಸನ್ನು ಗೆಲ್ಲುತ್ತಾನೆ, ತೊಡೆತಟ್ಟುವ ಪ್ರಸಂಗವೇ ಬರುವುದಿಲ್ಲ. ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಬೇಕೆಂದು ಕವಿ ಕೇಳಿಕೊಂಡಾಗ, ಶಾಸ್ತ್ರಕ್ಕೆ ವಿರುದ್ಧವಾದ ಪದ್ಯಗಳಿವೆಯೆಂದು ಗುರುಗಳು ಒಪ್ಪಲಿಲ್ಲವೆಂದು ದೇವಚಂದ್ರನ 'ರಾಜಾವಳೀಕಥೆ' ಹೇಳುತ್ತದೆ. ಕಥೆ ಎಷ್ಟು ನಿಜವೋ, ಆದರೆ ಆಕ್ಷೇಪಣೆಯ ಸ್ವರೂಪವಂತೂ ನಂಬುವಂತಹುದು.

ಕವಿಯಾಗಿ ರತ್ನಾಕರ ಮಾಡಿದುದು ಸರಿ ಎಂದೇ ನನ್ನ ಅಭಿಪ್ರಾಯ. ಅಣ್ಣತಮ್ಮಂದಿರ ಆ ಸಂಧಾನದಂತಹ ಭಾಗ ಸಾಂಗತ್ಯದಲ್ಲಿ ಅಪರೂಪ. ಆದರೆ ಕವಿಗೆ ಸಲ್ಲುವ ಸ್ವಾತಂತ್ರ್ಯ ಚರಿತ್ರೆ ಹೇಳುವವನಿಗೆ ಸಲ್ಲದು. ಅವನು ಮಲ್ಲಯುದ್ಧವನ್ನು ಬಿಡಲೂಬಾರದು, ಇಲ್ಲದ ಮಲ್ಲಯುದ್ಧವನ್ನು ತರಲೂಬಾರದು. ರತ್ನಾಕರನ ಕಾವ್ಯವಾಗಿ ಅರ್ಧ ಶತಮಾನವಾಗುವಷ್ಟರಲ್ಲಿ, 1604ರಲ್ಲಿ, ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟನು ಹಳೆಯ ಕಥೆಯ ಗೊಮ್ಮಟನೇ.

ಇನ್ನು ಗರಡಿಯ ವಿಚಾರ. ನಮ್ಮ ಹಳೆಯ ಕಾವ್ಯಗಳಲ್ಲಿ ಗರುಡಿಯೆಂದರೆ ಶಸ್ತ್ರಾಭ್ಯಾಸದ ಮನೆ. ತುಳುನಾಡಿನಲ್ಲಿ ಗರಡಿಯೆಂದರೆ ಕೋಟಿ ಚೆನ್ನಯರೆಂಬ ಬೈದೆರ್ಲರ ಸನ್ನಿಧಿ. ಪರಂಪರೆಯ ಲೆಕ್ಕದಲ್ಲಿ ಅವು ಅರುವತ್ತಾರು. ನೇಮದ ದಿನ ಪಾತ್ರಿಯ ಕೈಯಲ್ಲಿ ಹೊಳೆಯುವ ಸುರಿಗೆಯನ್ನು ಕಂಡವರಿಗೆ, ಈ ಎರಡು ಅರ್ಥಗಳ ನಡುವಣ ದಾರಿ ಬಹಳ ದೂರದ್ದೆನಿಸದು. ಇದನ್ನು ನಾನು ಒಂದು ಸಭೆಯಲ್ಲಿ ವಿವರಿಸಿದಾಗ ಹಿರಿಯರೊಬ್ಬರು ಎದ್ದುನಿಂತು, "ಮಾಸ್ಟ್ರೇ, ದೈವದ ಸ್ಥಾನವನ್ನು ನೀವು ವ್ಯಾಯಾಮಶಾಲೆ ಮಾಡಬೇಡಿ" ಎಂದರು. ಅವರ ಮಾತಿನಲ್ಲಿ ಮೂರ್ಖತನವಿರಲಿಲ್ಲ. ದೇವಾಲಯಗಳ ಬಾಗಿಲು ಬಿಲ್ಲವರಿಗೆ ಮುಚ್ಚಿದ್ದ ಕಾಲದಲ್ಲಿ ತಲೆಯೆತ್ತಿ ನಿಲ್ಲಲು ಅವರಿಗಿದ್ದ ಜಾಗ ಗರಡಿ; ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದುದು 1912ರಲ್ಲಷ್ಟೆ. ಹೊರಗಿನ ವಿದ್ವಾಂಸರೂ ನಂಬಿಕೆ ಹುಟ್ಟಿಸುವಂತೆ ನಡೆದುಕೊಳ್ಳಲಿಲ್ಲ. ನ್ಯಾಯಾಧೀಶ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವನು ತೀರಿಕೊಂಡ ಮೇಲೆ, 1894ರಿಂದ, 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾದಾಗ ಅವಕ್ಕೆ ದೊರೆತ ತಲೆಬರಹ 'ತುಳುವರ ಪಿಶಾಚಪೂಜೆ' ಎಂಬ ಅರ್ಥದ್ದು! ತಮ್ಮ ದೈವವನ್ನು ಪಿಶಾಚಿಯೆಂದು ಕರೆಸಿಕೊಂಡವರು ಚರಿತ್ರೆಯೆಂಬ ಮಾತು ಕೇಳಿದೊಡನೆ ಹುಬ್ಬು ಗಂಟಿಕ್ಕಿದರೆ ತಪ್ಪೇನು?

ಆದರೂ ಹೇಳಬೇಕು, ಹೇಳುವ ಬಗೆ ಗೊತ್ತಿರಬೇಕು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಬಿಲ್ಲವರಲ್ಲ, ಸಾರಸ್ವತರು. ಅವರ ಮನೆತನದ ಹೆಸರು ಬಂದ ಪಂಜ ಸೀಮೆಗೆ ಕೋಟಿ ಚೆನ್ನಯರೂ ಪಡುಮಲೆ ಬಿಟ್ಟು ಬಂದವರೆಂಬುದು ಒಂದು ಸೊಗಸಾದ ಆಕಸ್ಮಿಕ. ಅವರ ಗದ್ಯ 'ಕೋಟಿ ಚೆನ್ನಯ' ತುಳುವರಿಯದ ಕನ್ನಡಿಗರಿಗೂ ಈ ವೀರರನ್ನು ಪರಿಚಯಿಸಿತು. ಆ ಬರವಣಿಗೆಯಲ್ಲಿ ವೀರರ ಬಗೆಗೆ ತಾತ್ಸಾರವಿಲ್ಲ, ಬರ್ನೆಲ್ಲನ ತಲೆಬರಹದ ಗಾಳಿಯೂ ಸೋಕಿಲ್ಲ. ನೀರಿಗಾಗಿ ಬುದ್ಯಂತನೊಡನೆ ನಡೆದ ಜಗಳದಿಂದ ಎಣ್ಮೂರಿನ ಕಾಳಗದವರೆಗಿನ ಕಥೆಯನ್ನು ಓದಿದವನಿಗೆ ಇವರು ಮನುಷ್ಯರಾಗಿ ಬಾಳಿ ದೈವವಾದವರೆಂಬುದು ಮರೆಯದು. ಆ ಕಥೆಯ ಬೆಲೆಯೇ ಅದರಲ್ಲಿದೆ. ಅವರು ತೋಳು ಪಳಗಿಸಿದ ಮನೆಯನ್ನು ಮರೆಸಿದರೆ ಅವರ ಪೌರುಷವನ್ನೇ ಮರೆಸಿದಂತಾಗುವುದಿಲ್ಲವೆ? ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ. ಅವರು ಒಪ್ಪಿದರೆಂದು ಹೇಳಲಾರೆ.

ಪಂಜೆಯವರ ಗದ್ಯಕ್ಕೂ ಒಂದು ಮಿತಿ ಉಂಟು. ಅಚ್ಚಿಗೆ ಬಂದ ಕಥೆ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಪಾಡ್ದನವಾದರೋ ಹಾಡುವವರಿಂದ ಹಾಡುವವರಿಗೆ ಬೇರೆ. ಒಂದೇ ಪಾಠವನ್ನು ಹಿಡಿದು ಇದೇ ಚರಿತ್ರೆಯೆನ್ನುವುದು ಟೇಕ್ವಾಂಡೋದವರ ಎರಡು ಸಾವಿರ ವರ್ಷಕ್ಕಿಂತ ಬಹಳ ಭಿನ್ನವಾದ ಮಾತಲ್ಲ. ಈ ಕೊರತೆಯನ್ನು ತುಂಬಿದವರು ಅನಂತರದ ಸಂಶೋಧಕರು. ಡಾ. ವಾಮನ ನಂದಾವರರು ಕೋಟಿ ಚೆನ್ನಯರನ್ನು ಜಾನಪದದ ಕಣ್ಣಿನಿಂದ ಅಭ್ಯಸಿಸಿದರು. ಬನ್ನಂಜೆ ಬಾಬು ಅಮೀನರು ಮೋಹನ ಕೋಟ್ಯಾನರೊಡನೆ ಗರಡಿಗಳನ್ನು ಕುರಿತೇ ಗ್ರಂಥ ಬರೆದರು. ಬಾಬು ಅಮೀನರಂತಹ ಒಳಗಿನವರೇ ಕೈಹಾಕಿದಾಗ, ಹೊರಗಿನವನ ಕಿತಾಪತಿಯೆಂಬ ದೂರಿಗೆ ಎಡೆಯಿಲ್ಲ.

ಇನ್ನು ಆಗಬೇಕಾದುದು ಮತ್ತೊಂದುಂಟು: ಪಾಡ್ದನಗಳಲ್ಲಿ ಆಯುಧ, ವರಸೆ, ಅಭ್ಯಾಸಗಳನ್ನು ಕುರಿತು ಬರುವ ತುಳು ಮಾತುಗಳನ್ನು, ಬೇರೆ ಬೇರೆ ಪಾಠಗಳನ್ನು ಎದುರುಬದುರಿಟ್ಟು, ಆರಿಸಿ ಬರೆದಿಡುವುದು. ಅದಕ್ಕೆ ಕಾಲ ಹೆಚ್ಚಿಲ್ಲ. ಈ ಹಾಡುಗಳನ್ನು ಬಾಯಲ್ಲಿ ಉಳಿಸಿದವರು ನೇಜಿ ನೆಡುವ ಹೆಂಗಸರು. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ, ಅಡಿಕೆಯ ಬುಡದಲ್ಲಿ ನಿಂತು ನೇಜಿಯ ಹಾಡು ಹಾಡುವವರಿಲ್ಲ.